ಕಣ್ಣಿನ ಹಿಂದಿನ ಗಂಟು: ನೆಲಗಪ್ಪೆಗಳ ಬಗೆ, ಹೆಸರು, ಗುರುತು

ಕನ್ನಡದಲ್ಲಿ ನೆಲಗಪ್ಪೆ ಎಂದು ಕರೆಯುವ ಪ್ರಾಣಿ ಬುಫೋನಿಡೆ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಈವರೆಗೆ ಗುರುತಿಸಿ ಹೆಸರಿಟ್ಟಿರುವ ಪ್ರಭೇದಗಳೇ 600ಕ್ಕೂ ಹೆಚ್ಚು. ಹಿತ್ತಲಿನ ಕಲ್ಲಿನಡಿ ಕೂರುವುದು, ಘಟ್ಟದ ಹಳ್ಳದ ಬಂಡೆಗೆ ಅಂಟಿಕೊಂಡಿರುವುದು, ಮರ ಹತ್ತುವುದು, ಎರಡು ಸೆಂಟಿಮೀಟರ್ ಉದ್ದದ ಪುಟ್ಟದು, ಎರಡು ಕಿಲೋ ಮೀರಿ ತೂಗುವ ದೈತ್ಯ, ಎಲ್ಲವೂ ಇದರೊಳಗೇ ಇವೆ. ಆಡುಮಾತಿನಲ್ಲಿ ಮಾತ್ರ ಅಷ್ಟಕ್ಕೂ ಒಂದೇ ಹೆಸರು. ಕಪ್ಪೆ ಎಂಬ ಮೂಲಪದಕ್ಕೆ ಇರುವ ಜಾಗವನ್ನು ಸೇರಿಸಿ ನೆಲಗಪ್ಪೆ, ಮರಗಪ್ಪೆ ಎಂದು ಕರೆಯುವುದು ಕನ್ನಡದ ಕ್ರಮ. ಇದನ್ನು ಕೊರತೆ ಎನ್ನಬೇಕಾಗಿಲ್ಲ. 1758ರಲ್ಲಿ ಕಾರ್ಲ್ ಲಿನೇಯಸ್ ಯುರೋಪಿನ ನೆಲಗಪ್ಪೆಗೆ ಶಾಸ್ತ್ರೀಯ ಹೆಸರು ಕೊಟ್ಟಾಗಲೂ ಅದನ್ನು ಕಪ್ಪೆಗಳ ಗುಂಪಿಗೇ ಸೇರಿಸಿ ‘ರಾನಾ ಬುಫೊ’ ಎಂದೇ ಕರೆದಿದ್ದ. ಲ್ಯಾಟಿನ್‌ನಲ್ಲಿ ರಾನಾ ಎಂದರೆ ಕಪ್ಪೆ, ಬುಫೊ ಎಂದರೆ ನೆಲಗಪ್ಪೆ. ನೆಲಗಪ್ಪೆಯೂ ಒಂದು ಬಗೆಯ ಕಪ್ಪೆಯೇ ಎಂಬ ಹಳ್ಳಿಯ ತಿಳಿವಳಿಕೆಯನ್ನು ಇವತ್ತಿನ ಜೀವವಿಜ್ಞಾನವೂ ಒಪ್ಪುತ್ತದೆ.

ಮಿಕ್ಕ ಕಪ್ಪೆಗಳಿಂದ ನೆಲಗಪ್ಪೆಯನ್ನು ಬೇರ್ಪಡಿಸಲು ಮೊದಲು ನೋಡಬೇಕಾದದ್ದು ಕಣ್ಣಿನ ಹಿಂಭಾಗವನ್ನು. ಬಹುಪಾಲು ನೆಲಗಪ್ಪೆಗಳಿಗೆ ಅಲ್ಲಿ, ಭುಜದತ್ತ ಚಾಚಿಕೊಂಡು, ಹುರುಳಿಬೀಜದಂಥ ಉಬ್ಬಿದ ಗಂಟು ಎರಡೂ ಬದಿಗೆ ಇರುತ್ತದೆ. ಇದು ವಿಷಗ್ರಂಥಿ. ನಂತರ ಚರ್ಮ: ಸಾಮಾನ್ಯವಾಗಿ ಒಣಗಿದಂತೆ, ಒರಟಾಗಿ, ಗುಳ್ಳೆಗಳಿಂದ ತುಂಬಿರುತ್ತದೆ. ಹಿಂಗಾಲು ಗಿಡ್ಡವಾದ್ದರಿಂದ ನೆಲಗಪ್ಪೆ ಉದ್ದಕ್ಕೆ ನೆಗೆಯದು. ಕುಪ್ಪಳಿಸುತ್ತದೆ, ಒಮ್ಮೊಮ್ಮೆ ನಡೆದೇ ಹೋಗುತ್ತದೆ. ಬಾಯಲ್ಲಿ ಹಲ್ಲಿಲ್ಲ, ಬಹುಪಾಲು ಕಪ್ಪೆಗಳಿಗೆ ಮೇಲ್ದವಡೆಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಮೊಟ್ಟೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಕಪ್ಪೆಗಳ ಮೊಟ್ಟೆ ಸಾಮಾನ್ಯವಾಗಿ ಲೋಳೆಯ ಗುಡ್ಡೆಯಾಗಿಯೋ ನೊರೆಯಲ್ಲೋ ಇದ್ದರೆ, ಬಹುಪಾಲು ನೆಲಗಪ್ಪೆಗಳದು ಕಪ್ಪು ಮಣಿ ಪೋಣಿಸಿದ ಉದ್ದನೆಯ ಲೋಳೆ ಸರ. ಕುಟುಂಬದ ಇನ್ನೊಂದು ಗುರುತು ಹೊರಗಿನಿಂದ ಕಾಣುವಂಥದ್ದಲ್ಲ. ಈ ಕುಟುಂಬದ ಬಹುತೇಕ ಗಂಡುಗಳ ಹೊಟ್ಟೆಯಲ್ಲಿ ಬೆಳೆಯದೆ ಉಳಿದ ಅಂಡಾಶಯದ ತುಣುಕೊಂದು ಇರುತ್ತದೆ. ಬಿಡ್ಡರ್ ಅಂಗ ಎಂದು ಅದರ ಹೆಸರು. ವೃಷಣವನ್ನು ತೆಗೆದುಹಾಕಿದರೆ ಈ ತುಣುಕು ಅಂಡಾಶಯವಾಗಿ ಬೆಳೆಯುವುದನ್ನು ಪ್ರಯೋಗಗಳು ತೋರಿಸಿವೆ.

ಡುಮ್ಮಗಿದ್ದ ಮಾತ್ರಕ್ಕೆ ನೆಲಗಪ್ಪೆ ಎಂದು ತೀರ್ಮಾನಿಸಿ ತಪ್ಪುವುದುಂಟು. ಮೊದಲ ಮಳೆಗೆ ಮಣ್ಣಿನಿಂದ ಎದ್ದು ಬರುವ ಗುಂಡು ದೇಹದ ಬಲೂನು ಕಪ್ಪೆ, ಹೊಲದ ಮಣ್ಣು ತೋಡಿಕೊಂಡು ಇಳಿಯುವ ಬಿಲಗಪ್ಪೆ, ಎರಡೂ ನೆಲದಲ್ಲೇ ಬದುಕುತ್ತವೆ. ಆದರೆ ಇವುಗಳ ಕಣ್ಣಿನ ಹಿಂದೆ ಆ ಗಂಟಿಲ್ಲ. ಮಳೆಗಾಲದ ಕೆರೆಯಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ನೀಲಿ ಚೀಲ ಉಬ್ಬಿಸಿ ಗುಟುರು ಹಾಕುವ ಗೂಳಿಗಪ್ಪೆಯದೂ ಬೇರೆಯೇ ಕುಟುಂಬ. ಬಚ್ಚಲುಮನೆಯ ಗೋಡೆಗೆ ಅಂಟಿ ಕೂರುವ ಸಪೂರ ಕಪ್ಪೆ ಮರಗಪ್ಪೆ.

ಊರಿನ ನೆಲಗಪ್ಪೆ

ಕರ್ನಾಟಕದಲ್ಲಿ ಯಾರಾದರೂ ನೆಲಗಪ್ಪೆ ಎಂದಾಗ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಒಂದೇ ಪ್ರಭೇದ. ಅದರ ಇಂದಿನ ಶಾಸ್ತ್ರೀಯ ಹೆಸರು ದತ್ತಾಫ್ರೈನಸ್ ಮೆಲನೋಸ್ಟಿಕ್ಟಸ್. ಹಳೆಯ ಕಾಲೇಜು ಪಠ್ಯಗಳಲ್ಲಿ ಬುಫೊ ಮೆಲನೋಸ್ಟಿಕ್ಟಸ್ ಎಂದಿರುವುದೂ ಇದೇ ಪ್ರಾಣಿ. ಒಂದು ಕಾಲಕ್ಕೆ ಜಗತ್ತಿನ ನೂರಾರು ನೆಲಗಪ್ಪೆಗಳನ್ನು ಬುಫೊ ಎಂಬ ಒಂದೇ ಜಾತಿಯಲ್ಲಿ ತುಂಬಿಡಲಾಗಿತ್ತು. 2006ರಲ್ಲಿ ಅದನ್ನು ಒಡೆದು ಹಲವು ಜಾತಿಗಳಾಗಿ ಮಾಡಿದಾಗ, ದಕ್ಷಿಣ ಏಷ್ಯಾದ ಗುಂಪಿಗೆ ಒಡಿಶಾದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತಾ ಅವರ ಹೆಸರು ಬಂತು. ಫ್ರೈನ್ ಎಂಬುದು ನೆಲಗಪ್ಪೆಗೆ ಗ್ರೀಕ್ ಪದ. ಮೆಲನೋಸ್ಟಿಕ್ಟಸ್ ಎಂದರೆ ಕಪ್ಪು ಚುಕ್ಕೆಯದು.

ಬೀದಿದೀಪದ ಕೆಳಗೆ ಕೂತ ನೆಲಗಪ್ಪೆಯೊಂದನ್ನು ಬಗ್ಗಿ ನೋಡಿದರೆ ಹೆಸರಿನ ಅರ್ಥ ಹೊಳೆಯುತ್ತದೆ. ಬೆನ್ನಿನ ಒಂದೊಂದು ಗುಳ್ಳೆಯ ತುದಿಗೂ ಕಡ್ಡಿಯಲ್ಲಿ ಮಸಿ ಮುಟ್ಟಿಸಿದಂತೆ ಕಪ್ಪು ಮೊನೆ. ಮೂತಿಯಿಂದ ಹೊರಟು ಕಣ್ಣಿನ ಮೇಲೆ ಹಾದು ಹಿಂದಕ್ಕೆ ಹೋಗುವ ಮೂಳೆಯ ಏಣು. ಅದರ ಅಂಚಿಗೂ ಕಪ್ಪು, ಹುಬ್ಬಿಗೆ ಕಾಡಿಗೆ ತೀಡಿದಂತೆ. ತುಟಿಯಂಚು, ಬೆರಳ ತುದಿ ಸಹ ಕಪ್ಪೇ. ಮೈಬಣ್ಣ ಮಣ್ಣುಕಂದಿನಿಂದ ಇಟ್ಟಿಗೆಗೆಂಪಿನವರೆಗೆ ಬದಲಾಗುವುದರಿಂದ ಬಣ್ಣವನ್ನು ನಂಬಿ ಗುರುತಿಸುವಂತಿಲ್ಲ. ಏಣನ್ನೂ ಕಪ್ಪು ಮೊನೆಯನ್ನೂ ನಂಬಬಹುದು. ಹೆಣ್ಣು ಗಂಡಿಗಿಂತ ದೊಡ್ಡದು. ಮಳೆಗಾಲದಲ್ಲಿ ಗಂಡಿನ ಗಂಟಲು ಹಳದಿಗೆ ತಿರುಗುತ್ತದೆ.

ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲುಗಳು ದೀಪಕ್ಕೆ ಮುತ್ತುವಾಗ ನೆಲಗಪ್ಪೆಯ ಊಟವನ್ನು ಹತ್ತಿರದಿಂದ ನೋಡಬಹುದು. ಅದು ಹುಳುವಿನತ್ತ ತಿರುಗಿ, ಮುಂದಕ್ಕೆ ವಾಲಿ, ಒಂದು ಕ್ಷಣ ನಿಲ್ಲುತ್ತದೆ. ನಾಲಿಗೆ ಬಂದದ್ದು ಹೋದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಹುಳು ಮಾತ್ರ ಇರುವುದಿಲ್ಲ. ನಾಲಿಗೆ ಕೆಳದವಡೆಯ ಮುಂಭಾಗಕ್ಕೆ ಅಂಟಿಕೊಂಡಿದ್ದು, ಮಡಿಸಿಟ್ಟ ಪಟ್ಟಿ ಬಿಚ್ಚಿದಂತೆ ಹೊರಕ್ಕೆ ಚಿಮ್ಮುತ್ತದೆ. ನುಂಗುವಾಗ ಎರಡೂ ಕಣ್ಣುಗಳು ತಲೆಯೊಳಕ್ಕೆ ಇಳಿಯುತ್ತವೆ. ನಾಚಿಕೆಯಿಂದಲೋ ಸುಖದಿಂದಲೋ ಕಣ್ಣು ಮುಚ್ಚಿದಂತೆ ತೋರಿದರೂ ಆ ಕಣ್ಣುಗುಡ್ಡೆಗಳೇ ಒಳಗಿನಿಂದ ಒತ್ತಿ ತುತ್ತನ್ನು ಗಂಟಲಿಗೆ ನೂಕುತ್ತವೆ. ನೀರನ್ನು ಇದು ಬಾಯಿಂದ ಕುಡಿಯುವುದಿಲ್ಲ. ಹೊಟ್ಟೆಯಡಿಯ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತು ಹೀರಿಕೊಳ್ಳುತ್ತದೆ. ತುಳಸಿಕಟ್ಟೆಯ ಬುಡ, ಹೂಕುಂಡದ ಅಡಿ, ನಲ್ಲಿಯ ಕೆಳಗಿನ ಕಲ್ಲು ಇದಕ್ಕೆ ಅಚ್ಚುಮೆಚ್ಚಾಗಿರುವುದು ಈ ಕಾರಣಕ್ಕೆ. ಆಗಾಗ ಮೈಚರ್ಮವನ್ನು ಬಟ್ಟೆ ಕಳಚಿದಂತೆ ಕಳಚಿ, ಅದನ್ನೂ ತಿಂದುಬಿಡುತ್ತದೆ.

ಮಳೆ ನಿಂತ ಹೊಂಡ, ಕೆರೆಯಂಚು, ಗದ್ದೆಯ ಮೂಲೆ ಇವು ಸಂತಾನದ ಜಾಗಗಳು. ಒಂದು ಹೆಣ್ಣು ಸಾವಿರಾರು ಮೊಟ್ಟೆಗಳ ಜೋಡಿ ಸರವನ್ನು ನೀರೊಳಗಿನ ಹುಲ್ಲಿಗೆ ಸುತ್ತಿ ಇಡುತ್ತದೆ. ಕೆಲವೇ ದಿನಗಳಲ್ಲಿ ಕಡುಕಪ್ಪು ಗೊದಮೊಟ್ಟೆಗಳು ಗುಂಪುಗಟ್ಟಿ ಈಜತೊಡಗುತ್ತವೆ.

ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಈ ಪ್ರಾಣಿಗೆ ಮಡಗಾಸ್ಕರ್‌ನಲ್ಲಿ ಕೆಟ್ಟ ಹೆಸರಿದೆ. ಅಲ್ಲಿನ ತೊವಾಮಸಿನಾ ಬಂದರಿನ ಆಸುಪಾಸಿನಲ್ಲಿ ಇದು ಬೀಡುಬಿಟ್ಟಿರುವುದು 2014ರಲ್ಲಿ ಬೆಳಕಿಗೆ ಬಂತು. ಹಡಗಿನ ಸರಕಿನೊಂದಿಗೆ ಬಂದಿರಬೇಕೆಂಬುದು ಅಂದಾಜು. ಆ ದ್ವೀಪದಲ್ಲಿ ಮೂಲದಿಂದ ನೆಲಗಪ್ಪೆಯೇ ಇರಲಿಲ್ಲ. ಆದ್ದರಿಂದ ಇದರ ವಿಷವನ್ನು ತಾಳಿಕೊಳ್ಳುವ ಶಕ್ತಿ ಅಲ್ಲಿನ ಬಹುತೇಕ ಹಾವು, ಸಸ್ತನಿಗಳಿಗೆ ಇಲ್ಲ. ನಮ್ಮಲ್ಲಿ ಕೇರೆಹಾವು, ನಾಗರಹಾವುಗಳು ಇದನ್ನು ಹಿಡಿದು ತಿಂದು ಅರಗಿಸಿಕೊಳ್ಳುತ್ತವೆ.

ಹೊಲದ ಕುಳ್ಳ, ಬಂಡೆಯ ನುಣುಪು

ಹೊಲ, ಕುರುಚಲು ಬಯಲುಗಳಲ್ಲಿ ಸಿಗುವ ಮೂರ್ನಾಲ್ಕು ಸೆಂಟಿಮೀಟರಿನ ನೆಲಗಪ್ಪೆಯನ್ನು ದೊಡ್ಡದರ ಮರಿ ಎಂದು ಭಾವಿಸುವವರೇ ಹೆಚ್ಚು. ಅದು ಪೂರ್ತಿ ಬೆಳೆದ, ಬೇರೆಯೇ ಪ್ರಭೇದ, ದತ್ತಾಫ್ರೈನಸ್ ಸ್ಕೇಬರ್. ಸ್ಕೇಬರ್ ಎಂದರೆ ಒರಟು. ಜರ್ಮನಿಯ ವಿಜ್ಞಾನಿ ಷ್ನೈಡರ್ 1799ರಲ್ಲಿ ಇದಕ್ಕೂ ಊರಿನ ನೆಲಗಪ್ಪೆಗೂ ಹೆಸರಿಟ್ಟ. ಕನ್ನಡದಲ್ಲಿ ಕುಳ್ಳ ನೆಲಗಪ್ಪೆ ಎಂದರೆ ಒಪ್ಪುತ್ತದೆ. ಅಷ್ಟು ಸಣ್ಣ ಮೈಯಿಂದ ಕೂಗುವ ಗಂಡನ್ನು ಕಂಡರೆ ಅದು ಮರಿಯಲ್ಲವೆಂದು ಖಚಿತ, ಏಕೆಂದರೆ ಮರಿಗಳು ಕೂಗುವುದಿಲ್ಲ.

ಪೂರ್ವಘಟ್ಟದ ಕಡೆಯ ಕಲ್ಲುಗುಡ್ಡಗಳಲ್ಲಿ ಬಂಡೆ ನೆಲಗಪ್ಪೆ ಇದೆ. ಇದರ ಚರ್ಮ ನುಣುಪು. ಕಲ್ಲಿನ ಸಂದಿಗಳಲ್ಲಿ ವಾಸ. ಉತ್ತರ ಮತ್ತು ಪಶ್ಚಿಮ ಭಾರತದ ಒಣನಾಡಿನಲ್ಲಿ ಅಮೃತಶಿಲೆಯಂತೆ ಬಣ್ಣ ಕಲಸಿದ ಮೈಯ, ತಲೆಯ ಮೇಲೆ ಏಣಿಲ್ಲದ ಇನ್ನೊಂದು ಬಗೆ ಉಂಟು. ಏಣು ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯಿಂದ ಊರಿನದಕ್ಕೂ ಇದಕ್ಕೂ ಇರುವ ಗೊಂದಲ ತೀರುತ್ತದೆ.

ಘಟ್ಟದ ನೆಲಗಪ್ಪೆಗಳು

ಪಶ್ಚಿಮಘಟ್ಟಕ್ಕೆ ಬಂದರೆ ಲೆಕ್ಕವೇ ಬೇರೆ. ಇಲ್ಲಿನ ಹಲವು ನೆಲಗಪ್ಪೆಗಳು ಜಗತ್ತಿನ ಬೇರೆಲ್ಲೂ ಇಲ್ಲ. ತಲೆಯ ಏಣುಗಳು ಎದ್ದು ಕಾಣುವ ದತ್ತಾಫ್ರೈನಸ್ ಪೆರೈಟಾಲಿಸ್ ಕಾಡಿನದು. ಏಣುತಲೆ ನೆಲಗಪ್ಪೆ ಎಂದು ಕರೆಯಬಹುದು. ದಕ್ಷಿಣದ ಎತ್ತರದ ಬೆಟ್ಟಗಳ ಮೈಕ್ರೋಟಿಂಪನಮ್‌ನ ಹೆಸರು ಅದರ ಚಿಕ್ಕ ಕಿವಿತಮಟೆಯಿಂದ ಬಂದಿದೆ. ಎರಡಕ್ಕೂ 1882ರಲ್ಲಿ ಹೆಸರಿಟ್ಟವನು ಲಂಡನ್ನಿನಲ್ಲಿದ್ದ ಪ್ರಾಣಿವಿಜ್ಞಾನಿ ಬೂಲೆಂಜೆ.

ಕನ್ನಡನಾಡಿನಿಂದಲೇ ಮೊದಲು ವರ್ಣಿತವಾದ ನೆಲಗಪ್ಪೆಯೂ ಒಂದಿದೆ. ಸಕಲೇಶಪುರದ ಆಚೆ, ಘಟ್ಟ ಇಳಿಯುವಲ್ಲಿರುವ ಕೆಂಪುಹೊಳೆಯ ಕಾಡಿನಿಂದ ದೊರೆತ ಮೋಟುಮೂತಿಯ ನೆಲಗಪ್ಪೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಬ್ರೆವಿರೋಸ್ಟ್ರಿಸ್ ಎಂದು ಹೆಸರಿಟ್ಟರು. ಮೋಟುಮೂತಿ ಎಂಬುದೇ ಅದರ ಅರ್ಥ. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದ ಆ ಹಿರಿಯರ ಹೆಸರನ್ನು 2010ರಲ್ಲಿ ಪೊದೆಗಪ್ಪೆಗಳ ಒಂದು ಜಾತಿಗೆ, ರಾವೋರ್ಕೆಸ್ಟಿಸ್ ಎಂದು, ಇಡಲಾಗಿದೆ. ದುಃಖದ ಸಂಗತಿಯೆಂದರೆ ಅವರು ಹೆಸರಿಡಲು ಆಧಾರವಾಗಿಟ್ಟುಕೊಂಡ ಮೂಲ ಮಾದರಿಗಳು ಕಳೆದುಹೋಗಿವೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನು ಮದ್ಯಸಾರದಲ್ಲಿ ಕಾಪಿಡುವುದು, ಮುಂದಿನವರು ಅದರೊಂದಿಗೆ ಹೋಲಿಸಿ ನೋಡಲೆಂದು. ಕೆಂಪುಹೊಳೆಯ ನೆಲಗಪ್ಪೆಯ ವಿಷಯದಲ್ಲಿ ಹೋಲಿಸಲು ಉಳಿದಿರುವುದು ಅವರು ಬರೆದಿಟ್ಟ ವಿವರಣೆ.

ಹಳ್ಳದ ನೆಲಗಪ್ಪೆಗಳದು ಇನ್ನೊಂದು ಗುಂಪು. ಹಿಂದೆ ಇವನ್ನು ಆಗ್ನೇಯ ಏಷ್ಯಾದ ಪ್ರಭೇದಗಳೊಂದಿಗೆ ಆನ್ಸೋನಿಯಾ ಎಂಬ ಜಾತಿಯಲ್ಲಿ ಸೇರಿಸಿದ್ದರು. 2009ರಲ್ಲಿ ಘಾಟೋಫ್ರೈನ್ ಎಂಬ ಹೊಸ ಜಾತಿ ರೂಪುಗೊಂಡಿತು. ಘಟ್ಟ ಎಂಬ ನಮ್ಮ ಪದಕ್ಕೆ ಗ್ರೀಕ್ ಪದ ಬೆಸೆದ ಹೆಸರು, ಕನ್ನಡ ಕಿವಿಗೆ ಕೂಡಲೇ ಅರ್ಥವಾಗುವಂಥದ್ದು. ಕೊಡಗಿನ ಬ್ರಹ್ಮಗಿರಿ ಬೆಟ್ಟದಿಂದ ಮೊದಲು ವರ್ಣಿತವಾದ ಘಾಟೋಫ್ರೈನ್ ಆರ್ನಾಟಾದ ಹೊಟ್ಟೆಯ ಕಡೆ ಕಪ್ಪಿನ ಮೇಲೆ ಹಳದಿ ಮಚ್ಚೆಗಳಿವೆ. ಮೇಲಿನಿಂದ ಒದ್ದೆ ಕಲ್ಲಿನಂತೆ ಕಾಣುವ ಪ್ರಾಣಿ ಅಡಿಯಿಂದ ಇಷ್ಟು ಅಲಂಕಾರವಾಗಿದೆಯೆಂದು ಆರ್ನಾಟಾ, ಅಂದರೆ ಅಲಂಕೃತ, ಎಂಬ ಹೆಸರು. ಇದರ ಹತ್ತಿರದ ಬಂಧು ರೂಬಿಜಿನಾ ಕೇರಳದ ಕಾಡುಗಳದು.

ಇದೇ 2009ರಲ್ಲಿ ಹಳದಿ ನೆಲಗಪ್ಪೆಗಳಿಗೂ ಸ್ವಂತ ಜಾತಿ ಸಿಕ್ಕಿತು: ಕ್ಸಾಂಥೋಫ್ರೈನ್. ಒಂದು ಮಹಾರಾಷ್ಟ್ರದ ಕೊಯ್ನಾದ್ದು, 1963ರಲ್ಲೇ ಹೆಸರು ಪಡೆದದ್ದು. ಇನ್ನೊಂದು ಅಂಬೋಲಿ ನೆಲಗಪ್ಪೆ, ಪಕ್ಕೆಯಲ್ಲಿ ಹುಲಿಪಟ್ಟೆಯಂಥ ಹಳದಿ ಗೆರೆಗಳಿರುವುದರಿಂದ ಟೈಗರಿನಾ. ಬೆಳಗಾವಿಯಿಂದ ಸಾವಂತವಾಡಿಗೆ ಹೋಗುವ ದಾರಿಯಲ್ಲೇ ಅಂಬೋಲಿ ಇದೆ. ಜಂಬಿಟ್ಟಿಗೆ ಕಲ್ಲಿನ ತಟ್ಟುಗಳ ಮೇಲೆ ಮಳೆನೀರು ನಿಲ್ಲುವ ಅಂಗೈಯಗಲದ ಹೊಂಡಗಳಲ್ಲಿ ಇದರ ಸಂತಾನ ನಡೆಯುತ್ತದೆ. ಇದನ್ನು ತೀರಾ ಅಪಾಯದ ಅಂಚಿನಲ್ಲಿರುವ ಪ್ರಭೇದವೆಂದು ಪಟ್ಟಿಮಾಡಲಾಗಿದೆ. ಮುಂಗಾರಿನಲ್ಲಿ ಜಲಪಾತ ನೋಡಲು ಹೊರಡುವವರು ರಾತ್ರಿ ಹೊತ್ತು ಆ ಘಟ್ಟದಲ್ಲಿ ಗಾಡಿಯ ವೇಗ ತಗ್ಗಿಸಿದರೆ ಹಲವು ಜೀವ ಉಳಿಯುತ್ತವೆ.

ಹೆಸರಿಡುವವರನ್ನು ಪೇಚಿಗೆ ಸಿಲುಕಿಸುವುದು ಪೆಡೋಸ್ಟೈಬಿಸ್ ಟ್ಯೂಬರ್‌ಕ್ಯುಲೋಸಸ್. ಇದು ನೆಲಗಪ್ಪೆಯ ಕುಟುಂಬದ್ದೇ, ಆದರೆ ಇರುವುದು ಮರದ ಮೇಲೆ. ಬೆರಳ ತುದಿಗಳು ಅಗಲಗೊಂಡು ಅಂಟುಗಾಲಾಗಿವೆ. ಮಲಬಾರ್ ಮರ ನೆಲಗಪ್ಪೆ ಎಂಬ ಅನುವಾದದಲ್ಲಿ ಮರವೂ ನೆಲವೂ ಒಟ್ಟಿಗೇ ಬಂದು ಓದುಗರು ತಡವರಿಸುತ್ತಾರೆ. ಮರವೇರುವ ನೆಲಗಪ್ಪೆ ಎಂದರೆ ಸಾಕು. ಅರ್ಥವೂ ನೇರವಾಗುತ್ತದೆ, ಕುಟುಂಬದ ಗುರುತೂ ಉಳಿಯುತ್ತದೆ. ಇದರ ಉದ್ದ ನಾಲ್ಕು ಸೆಂಟಿಮೀಟರಿನ ಸುಮಾರು. ವರ್ಷದ ಬಹುಕಾಲ ಮರದ ಪೊಟರೆ, ಕೊಂಬೆಗಳಲ್ಲಿ ಕಣ್ಣಿಗೆ ಬೀಳದಂತಿದ್ದು, ಮುಂಗಾರು ಹಿಡಿಯುವ ಹೊತ್ತಿಗೆ ಕೆಲವೇ ದಿನ ಹಳ್ಳಕ್ಕೆ ಇಳಿಯುತ್ತದೆ. ಶರಾವತಿ ಕಣಿವೆಯಲ್ಲೂ ಇದೆ. 2016ರ ಅಧ್ಯಯನವೊಂದು ಆಗ್ನೇಯ ಏಷ್ಯಾದ ಮರವೇರುವ ನೆಲಗಪ್ಪೆಗಳನ್ನು ರೆಂಟಾಪಿಯಾ ಎಂಬ ಬೇರೆ ಜಾತಿಗೆ ಸಾಗಿಸಿತು.

ಪಶ್ಚಿಮಘಟ್ಟದಿಂದಾಚೆ, ಮೇಘಾಲಯದ ಖಾಸಿ ಬೆಟ್ಟಗಳ ಬಂಡೆಕುಳಿಗಳಲ್ಲಿ ಬುಫಾಯ್ಡಿಸ್ ಎಂಬ ಜಾತಿಯಿದೆ. ಅಂಡಮಾನಿನ ಪುಟ್ಟ ಪೊದೆ ನೆಲಗಪ್ಪೆಗೆ ಹೆಸರು ಬಂದದ್ದು 2016ರಲ್ಲಷ್ಟೇ.

ಹೊರನಾಡಿನ ಹೆಸರುವಾಸಿಗಳು

ಲಿನೇಯಸ್ ರಾನಾ ಬುಫೊ ಎಂದು ಕರೆದಿದ್ದ ಯುರೋಪಿನ ನೆಲಗಪ್ಪೆ, ಇಂದಿನ ಬುಫೊ ಬುಫೊ, ವಸಂತ ಬರುತ್ತಲೇ ತಾನು ಹುಟ್ಟಿದ ಕೊಳದತ್ತ ಗುಂಪುಗುಂಪಾಗಿ ಹೊರಡುತ್ತದೆ. ನಡುವೆ ರಸ್ತೆ ಅಡ್ಡ ಬಂದಲ್ಲಿ ಬ್ರಿಟನ್ನಿನ ಸ್ವಯಂಸೇವಕರು ಬಕೆಟ್ಟುಗಳಲ್ಲಿ ತುಂಬಿ ಆಚೆಗೆ ದಾಟಿಸುತ್ತಾರೆ. ಅದೇ ಖಂಡದ ನ್ಯಾಟರ್‌ಜಾಕ್ ಎಂಬ ನೆಲಗಪ್ಪೆ ಕುಪ್ಪಳಿಸುವುದರ ಬದಲು ಇಲಿಯಂತೆ ಓಡುತ್ತದೆ; ಬೆನ್ನ ನಡುವೆ ಎಳೆದ ಹಳದಿ ಗೆರೆ ಅದರ ಗುರುತು.

ಕಬ್ಬಿನ ನೆಲಗಪ್ಪೆಯ ಕಥೆಯನ್ನು ಕೃಷಿ ಓದುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಮೆರಿಕ ಖಂಡದ ಬಿಸಿನಾಡಿನ ರೈನೆಲ್ಲಾ ಮರೀನಾ ಎಂಬ ಈ ದೈತ್ಯನನ್ನು 1935ರಲ್ಲಿ ಹವಾಯಿಯಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದರು. ಬಂದವು ನೂರರಷ್ಟು ಮಾತ್ರ. ಕಬ್ಬಿನ ಜೀರುಂಡೆಗಳನ್ನು ತಿಂದು ಮುಗಿಸಲಿ ಎಂಬುದು ಉದ್ದೇಶ. ಜೀರುಂಡೆಗಳು ಜಲ್ಲೆಯ ಮೇಲ್ತುದಿಯಲ್ಲಿ, ಅವುಗಳ ಮರಿಹುಳುಗಳು ಮಣ್ಣಿನೊಳಗೆ. ನೆಲದ ಮೇಲೆ ಕುಪ್ಪಳಿಸುವ ಪ್ರಾಣಿಗೆ ಎರಡೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ತಿಂದು, ದೇಶದ ಉತ್ತರಭಾಗದುದ್ದಕ್ಕೂ ಹಬ್ಬಿ, ತಮ್ಮನ್ನು ಕಚ್ಚಿದ ಉಡಗಳನ್ನೂ ಕ್ವೋಲ್ ಎಂಬ ಚೀಲಹೊಟ್ಟೆಯ ಬೇಟೆಗಾರ ಪ್ರಾಣಿಗಳನ್ನೂ ವಿಷದಿಂದ ಕೊಂದವು. 2023ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಕಾನ್ವೇ ರಾಷ್ಟ್ರೀಯ ಉದ್ಯಾನದಲ್ಲಿ ಸಿಕ್ಕ ಒಂದು ಹೆಣ್ಣು 2.7 ಕಿಲೋ ತೂಗಿತು.

ಕೋಸ್ಟರಿಕಾದ ಮಾಂಟೆವರ್ಡೆ ಕಾಡಿನ ಚಿನ್ನದ ನೆಲಗಪ್ಪೆಗೆ 1966ರಲ್ಲಿ ಹೆಸರಿಟ್ಟರು. ಗಂಡು ಅಪ್ಪಟ ಕಿತ್ತಳೆ ಬಣ್ಣದ್ದು. 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡವು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಯಾರೂ ನೋಡಿಲ್ಲ. ಶಿಲೀಂಧ್ರ ರೋಗ, ಒಣಹವೆ ಎರಡನ್ನೂ ವಿಜ್ಞಾನಿಗಳು ಕಾರಣವಾಗಿ ಹೇಳುತ್ತಾರೆ. ತಾಂಜಾನಿಯಾದ ಕಿಹಾನ್ಸಿ ಜಲಪಾತದ ತುಂತುರಿನಲ್ಲಿ ಬದುಕಿದ್ದ, ಮೊಟ್ಟೆಯಿಡದೆ ಮರಿ ಹಾಕುವ ಪುಟ್ಟ ನೆಲಗಪ್ಪೆ ಅಣೆಕಟ್ಟಿನಿಂದ ನೀರು ತಿರುಗಿದ ಮೇಲೆ ಕಾಡಿನಲ್ಲಿ ಅಳಿಯಿತು. ಅಮೆರಿಕದ ಮೃಗಾಲಯಗಳಲ್ಲಿ ಉಳಿಸಿದ್ದ ಸಂತಾನವನ್ನು 2012ರಿಂದ, ಕೃತಕ ತುಂತುರಿನ ಏರ್ಪಾಟು ಮಾಡಿ, ಮರಳಿ ಬಿಡಲಾಗಿದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವವರು ಒಂದು ಎಚ್ಚರ ವಹಿಸಬೇಕು. ಇಂಗ್ಲಿಷಿನಲ್ಲಿ ಟೋಡ್ ಎನಿಸಿಕೊಂಡದ್ದೆಲ್ಲ ನೆಲಗಪ್ಪೆಯಲ್ಲ. ಹೆಣ್ಣಿನ ಬೆನ್ನ ಚರ್ಮದೊಳಗೆ ಮೊಟ್ಟೆ ಹುದುಗಿಸಿಕೊಳ್ಳುವ ದಕ್ಷಿಣ ಅಮೆರಿಕದ ಸುರಿನಾಮ್ ಟೋಡ್ ಬಾಳೆಲ್ಲ ನೀರಲ್ಲೇ ಕಳೆಯುತ್ತದೆ. ಅದನ್ನು ಸುರಿನಾಮ್ ನೆಲಗಪ್ಪೆ ಎಂದು ಬರೆದರೆ ಕುಟುಂಬವೂ ತಪ್ಪು, ವಾಸವೂ ತಪ್ಪು. ಮೊಟ್ಟೆಸರವನ್ನು ಗಂಡು ತನ್ನ ಹಿಂಗಾಲಿಗೆ ಸುತ್ತಿ ಹೊತ್ತು ತಿರುಗುವ ಯುರೋಪಿನ ಸೂಲಗಿತ್ತಿ ಕಪ್ಪೆ, ಕೆಂಪು ಹೊಟ್ಟೆ ತೋರಿಸಿ ಬೆದರಿಸುವ ಬೆಂಕಿಹೊಟ್ಟೆಯ ಕಪ್ಪೆ ಇವೂ ಬೇರೆ ಕುಟುಂಬಗಳವು. ಅಮೆರಿಕದ ಹಾರ್ನ್ಡ್ ಟೋಡ್ ಅಂತೂ ಕಪ್ಪೆಯೇ ಅಲ್ಲ, ಮುಳ್ಳಿನ ಹಲ್ಲಿ.

ಮನೆಯಲ್ಲಿ, ತೋಟದಲ್ಲಿ

ನೆಲಗಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆ ಎಂಬುದು ಸುಳ್ಳು. ನರಹುಲಿಗೆ ಕಾರಣ ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್. ಆದರೆ ಕಣ್ಣಿನ ಹಿಂದಿನ ಗಂಟು, ಬೆನ್ನಿನ ಗುಳ್ಳೆಗಳಿಂದ ಒಸರುವ ಹಾಲಿನಂಥ ದ್ರವ ನಿಜವಾದ ವಿಷ, ಹೃದಯದ ಬಡಿತವನ್ನು ಕೆಡಿಸುವಂಥದ್ದು. ಪ್ರಾಣಿಯನ್ನು ಹಿಂಸಿಸಿದಾಗ, ಕಚ್ಚಿದಾಗ ಅದು ಒಸರುತ್ತದೆ. ಮುಟ್ಟಿದ ಕೈಯನ್ನು ಕಣ್ಣಿಗೆ ಬಾಯಿಗೆ ತಾಗಿಸದೆ ಸೋಪು ಹಾಕಿ ತೊಳೆದುಕೊಂಡರೆ ತೊಂದರೆಯಿಲ್ಲ. ಯಾವ ಔಷಧಿಯ ನೆಪದಲ್ಲೂ ಇದನ್ನು ತಿನ್ನಬಾರದು.

ನಾಯಿ ನೆಲಗಪ್ಪೆಯನ್ನು ಕಚ್ಚಿದರೆ ಬಾಯಲ್ಲಿ ನೊರೆ ಬರುತ್ತದೆ, ತಲೆ ಒದರುತ್ತದೆ. ಆಗ ಅದರ ತಲೆಯನ್ನು ಕೆಳಮುಖವಾಗಿ ಹಿಡಿದು, ಬಾಯಿಯ ಬದಿಯಿಂದ ನೀರು ಹಾಯಿಸಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿಯುವಂತೆ ಹಲವು ನಿಮಿಷ ತೊಳೆಯಬೇಕು. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಬೇಕು. ನಡುಕ, ತೂರಾಟ, ಸೆಳೆತ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಅಂಗಳಕ್ಕೆ ಬಂದ ನೆಲಗಪ್ಪೆಗೆ ಉಪ್ಪು ಎರಚಿ ಓಡಿಸುವ ರೂಢಿ ಕೆಲವು ಮನೆಗಳಲ್ಲಿದೆ. ಚರ್ಮದಿಂದಲೇ ನೀರು ಹೀರುವ ಪ್ರಾಣಿಗೆ ಅದು ಸುಟ್ಟಷ್ಟೇ ಹಿಂಸೆ. ಪೊರಕೆಯಿಂದ ಮೆಲ್ಲಗೆ ಮೊರಕ್ಕೆ ದಾಟಿಸಿ ಗಿಡಗಳ ಕಡೆ ಬಿಟ್ಟರೆ ಕೆಲಸ ಮುಗಿಯುತ್ತದೆ. ನೀರಿನ ಸಂಪು, ಇಂಗುಗುಂಡಿಗಳಿಗೆ ಬಿದ್ದ ನೆಲಗಪ್ಪೆ ನುಣುಪು ಗೋಡೆ ಹತ್ತಲಾರದೆ ಸಾಯುತ್ತದೆ. ಸಂಪಿಗೆ ಸರಿಯಾದ ಮುಚ್ಚಳ, ಗುಂಡಿಗೆ ಓರೆಯಾಗಿ ಇಳಿಬಿಟ್ಟ ಒಂದು ಒರಟು ಹಲಗೆ ಇದ್ದರೆ ಸಾಕು.

ಘಟ್ಟದಲ್ಲೋ ಗದ್ದೆಯಲ್ಲೋ ಕಂಡದ್ದು ಯಾವ ಬಗೆ ಎಂದು ತಿಳಿಯಲು ಹಿಡಿಯಬೇಕಾಗಿಲ್ಲ. ಮೊಬೈಲಿನ ಫೋಟೊಗಳು ಸಾಕಾಗುತ್ತವೆ. ಮೇಲಿನಿಂದ ತಲೆಯ ಏಣು ಕಾಣುವಂತೆ ಒಂದು, ಬದಿಯಿಂದ ಕಿವಿತಮಟೆ ಮತ್ತು ಕಣ್ಣಿನ ಹಿಂದಿನ ಗಂಟು ಕಾಣುವಂತೆ ಇನ್ನೊಂದು, ಬೆರಳ ತುದಿಯದು ಮತ್ತೊಂದು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಇಡಬಹುದು. ದಿನಾಂಕ, ಊರು, ಮಳೆ ಇತ್ತೇ, ಪ್ರಾಣಿ ನೆಲದಲ್ಲಿತ್ತೇ ನೀರಲ್ಲಿತ್ತೇ ಮರದಲ್ಲಿತ್ತೇ ಎಂಬುದನ್ನು ಬರೆದಿಡಬೇಕು. ಕೂಗುತ್ತಿದ್ದರೆ ಅರ್ಧ ನಿಮಿಷದ ಧ್ವನಿಮುದ್ರಣವನ್ನೂ ಮಾಡಿಕೊಂಡರೆ ಒಳ್ಳೆಯದು. ನೋಟದಲ್ಲಿ ಒಂದರಂತೆ ಇನ್ನೊಂದಿರುವ ಪ್ರಭೇದಗಳು ಎಷ್ಟೋ ಸಲ ದನಿಯಿಂದಲೇ ಬೇರೆಯಾಗುತ್ತವೆ.